3018 ಸಿಎನ್‌ಸಿಯಲ್ಲಿ ತೂತು ದುಂಡಗೆ ಬರುತ್ತಿಲ್ಲ, $100 ಬದಲಿಸಬೇಕಾ?

ಬೇಡ, ಈಗಲೇ $100 ಮುಟ್ಟಬೇಡಿ. ಕಂಪ್ಯೂಟರ್ ಹೇಳಿದಂತೆ ಕೊರೆಯುವ ಈ ಚಿಕ್ಕ ಮೆಷಿನ್‌ನಲ್ಲಿ, ಎಕ್ಸ್ ಒಂದು ಮಿ.ಮೀ. ಸಾಗಲು ಮೋಟಾರ್ ಎಷ್ಟು ಸ್ಟೆಪ್ ಇಡಬೇಕು ಅನ್ನುವ ಸೆಟ್ಟಿಂಗ್ ಅದು. ನಿಮ್ಮ ಪ್ರಶ್ನೆಯಲ್ಲೇ ಒಳ್ಳೆಯ ಸುಳಿವಿದೆ. 6 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ 40 ಮಿ.ಮೀ. ತೂತು ಎಕ್ಸ್ ಕಡೆ 39.7, ವೈ ಕಡೆ 39.95 ಬಂದಿದೆ, ಎಡಕ್ಕೂ ಬಲಕ್ಕೂ ಅಂಚು ಸ್ವಲ್ಪ ಚಪ್ಪಟೆಯಾಗಿದೆ ಅಂದಿದ್ದೀರಿ. ಆ ಚಪ್ಪಟೆ ಜಾಗವನ್ನೇ ನೋಡಿ. ವೃತ್ತ ಕೊರೆಯುವಾಗ ಎಕ್ಸ್ ದಿಕ್ಕು ಬದಲಿಸುವುದು ಅಲ್ಲೇ. ಮೋಟಾರ್ ತಿರುಗುತ್ತದೆ, ಆದರೆ ಲೀಡ್ ಸ್ಕ್ರೂಗೂ (ಮೋಟಾರ್ ತಿರುಗಿಸುವ ಉದ್ದ ಸ್ಕ್ರೂ) ಅದರ ಮೇಲೆ ಸಾಗುವ ನಟ್‌ಗೂ ನಡುವಿನ ಸಡಿಲ ಮುಗಿಯುವ ತನಕ ಎಕ್ಸ್ ಅಲ್ಲಾಡುವುದಿಲ್ಲ. ಅಷ್ಟರಲ್ಲಿ ವೈ ಮಾತ್ರ ಓಡಿ ಒಂದು ಚಿಕ್ಕ ನೇರ ಗೆರೆ ಕೊರೆದಿರುತ್ತದೆ. ಇದು ಬ್ಯಾಕ್‌ಲ್ಯಾಶ್.

ಖಾತ್ರಿಗೆ 20 ಮತ್ತು 80 ಮಿ.ಮೀ. ತೂತು ಕೊರೆದು ವರ್ನಿಯರ್‌ನಲ್ಲಿ ಅಳೆಯಿರಿ. ಎರಡರಲ್ಲೂ ಎಕ್ಸ್ ಹೆಚ್ಚುಕಡಿಮೆ 0.3 ಕಮ್ಮಿ ಇದ್ದರೆ ಬ್ಯಾಕ್‌ಲ್ಯಾಶೇ. 20ರಲ್ಲಿ 0.15, 80ರಲ್ಲಿ 0.6 ಕಮ್ಮಿ ಬಂದರೆ ಮಾತ್ರ $100 ಮೇಲೆ ಅನುಮಾನ ಪಡಿ. ಸ್ಕ್ರೂ ಒಂದು ಸುತ್ತಿಗೆ 4 ಮಿ.ಮೀ. ಸಾಗುವಂಥದ್ದು, ಮೋಟಾರ್ 200 ಸ್ಟೆಪ್, ಮೈಕ್ರೋಸ್ಟೆಪ್ (ಒಂದು ಸ್ಟೆಪ್ಪನ್ನು ಒಡೆದ ತುಂಡುಗಳು) 16 ಆದರೆ $100 ಲೆಕ್ಕ 200 × 16 ÷ 4, ಸರಿಯಾಗಿ 800. ಅದನ್ನು ಸುಮ್ನೆ ಏರಿಸಿದರೆ 40ರ ತೂತು ಸರಿಹೋದಂತೆ ಕಾಣುತ್ತದೆ, 80ರದ್ದು ದೊಡ್ಡದಾಗುತ್ತದೆ, ಚಪ್ಪಟೆ ಹಾಗೇ ಉಳಿಯುತ್ತದೆ.

ಮೆಷಿನ್ ನಡೆಸುವ ಸಾಫ್ಟ್‌ವೇರ್ ಜಿಆರ್‌ಬಿಎಲ್‌ನಲ್ಲಿ ಬ್ಯಾಕ್‌ಲ್ಯಾಶ್ ಸರಿದೂಗಿಸುವ ಸೆಟ್ಟಿಂಗ್ ಇಲ್ಲ, ಹಾಗಾಗಿ ಕೈಯಿಂದಲೇ ರಿಪೇರಿ ಮಾಡಬೇಕು. ಮೆಷಿನ್ ಆನ್ ಇರಲಿ, ಮೋಟಾರ್ ಲಾಕ್ ಆಗಿರಲಿ, ಕೊರೆಯುವ ಬಿಟ್ ತಿರುಗಿಸುವ ಸ್ಪಿಂಡಲ್ ಮಾತ್ರ ಆಫ್. ಒಂದು ಬೆರಳನ್ನು ಸ್ಕ್ರೂ ಮೇಲಿಟ್ಟು ಎಕ್ಸ್ ಕ್ಯಾರೇಜನ್ನು ಮೆಲ್ಲಗೆ ಎಳೆದು ತಳ್ಳಿ. ಸ್ಕ್ರೂ ಕೂಡ ಹಿಂದೆ ಮುಂದೆ ಜರುಗಿದರೆ ಅದನ್ನು ಮೋಟಾರ್‌ಗೆ ಜೋಡಿಸುವ ಕಪ್ಲಿಂಗ್‌ನ ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ಸ್ಕ್ರೂ) ಸಡಿಲ; ಅಲೆನ್ ಕೀಯಿಂದ ಬಿಗಿ ಮಾಡಿ. ಸ್ಕ್ರೂ ನಿಂತಲ್ಲೇ ಇದ್ದು ಕ್ಯಾರೇಜ್ ಮಾತ್ರ ಆಡಿದರೆ ನಟ್ ಸವೆದಿದೆ. ಸ್ಪ್ರಿಂಗ್ ಇರುವ ಜೋಡಿ ನಟ್ ಹಾಕಿ. ಸ್ಪ್ರಿಂಗ್ ಜಾಸ್ತಿ ಬಿಗಿಯಾದರೆ ಮೋಟಾರ್ ಸ್ಟೆಪ್ ತಪ್ಪಿಸುತ್ತದೆ, ಅದು ಇನ್ನೂ ಕೆಟ್ಟದ್ದು.

ವೈ ಕಡೆಯ 0.05ಕ್ಕೆ ಒಂದು ಬಿಲ್ಲೆಯನ್ನೂ ಕತ್ತರಿಸಿ ನೋಡಿ. ತೂತು ಚಿಕ್ಕದು, ಬಿಲ್ಲೆ ದೊಡ್ಡದು ಅಂತಾದರೆ ಮೆಷಿನ್ ತಪ್ಪಲ್ಲ. ಎಂಡ್ ಮಿಲ್ (ಕೊರೆಯುವ ಬಿಟ್) ನೀವು ಕೊಟ್ಟ ಅಳತೆಗಿಂತ ಸಣ್ಣದಿದೆ, ಇಲ್ಲವೇ ಕೊರೆಯುವಾಗ ಬಾಗುತ್ತಿದೆ. ಅಂಚಿನಲ್ಲಿ 0.2 ಮಿ.ಮೀ. ಉಳಿಸಿ, ಅದನ್ನು ಕೊನೆಗೊಂದು ಫಿನಿಶ್ ಪಾಸ್‌ನಲ್ಲಿ (ಕಡೆಯ ತೆಳು ಸುತ್ತು) ತೆಗೆಯಿರಿ. ಎರಡೂ ಚಿಕ್ಕದಾಗಿದ್ದರೆ ವೈ ನಟ್‌ ಅನ್ನೂ ಇದೇ ರೀತಿ ಪರೀಕ್ಷಿಸಿ.