ನೀಲಿ ಜರ್ಸಿ ಹಾಕಿಕೊಂಡು ಎಂಸಿಜಿಗೆ ಹೋಗಬಹುದಾ?

ಮೆಲ್ಬರ್ನಿಗೆ ಬಂದು ಮೂರು ತಿಂಗಳಾಯ್ತು ಅಂತ ಬರೆದಿದ್ದೀರಿ. ಆಫೀಸಿನಲ್ಲಿ ಒಬ್ಬ ದಿನಾ ಕ್ರಿಕೆಟ್ ಮಾತು ತೆಗೆದು ಕಾಲೆಳೆಯುತ್ತಾನೆ, ಅದು ತಮಾಷೆಯೋ ಅಥವಾ ನಮ್ಮವರನ್ನು ಕಂಡರೆ ಆಗದೆ ಆಡುವ ಮಾತೋ ಗೊತ್ತಾಗ್ತಿಲ್ಲ ಅಂದಿದ್ದೀರಿ. ಊರಿಂದ ಅಪ್ಪ ಬಂದಾಗ ನೀಲಿ ಜರ್ಸಿ ಹಾಕಿಸಿ ಎಂಸಿಜಿಯಲ್ಲಿ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ, ಇಂಡಿಯಾ ಮ್ಯಾಚಿಗೆ ಕರೆದುಕೊಂಡು ಹೋಗಲು ಭಯ ಅಂತಲೂ ಕೇಳಿದ್ದೀರಿ.

ಜರ್ಸಿ ವಿಷಯ ಸುಲಭ. ಹೋಗಿ. ಅಲ್ಲಿ ಕ್ರಿಸ್‌ಮಸ್ ಮಾರನೇ ದಿನ ಶುರುವಾಗುವ ಬಾಕ್ಸಿಂಗ್ ಡೇ ಟೆಸ್ಟಿಗೆ 2024ರಲ್ಲಿ ಐದು ದಿನಗಳಲ್ಲಿ 3,73,691 ಜನ ಬಂದಿದ್ದರು. ಬ್ರಾಡ್ಮನ್ ಕಾಲದ, 1937ರ ದಾಖಲೆ ಮುರಿದಿದ್ದು ಆಗಲೇ. ಅದರಲ್ಲಿ ನಮ್ಮವರ ಪಾಲು ಸಣ್ಣದಲ್ಲ. ಇಂಡಿಯಾ ಅಭಿಮಾನಿಗಳ ಬಳಗ ಸ್ವಾಮಿ ಆರ್ಮಿಯವರ ಢೋಲಿನ ಸದ್ದಿಗೆ ಪಕ್ಕದವರ ಮಾತು ಕೇಳಿಸೋದೇ ಕಷ್ಟ. ಇದು ಯಾರ ಊರಿನ ಮೈದಾನ ಅಂತ ಆಸ್ಟ್ರೇಲಿಯಾದವರಿಗೇ ಅನುಮಾನ ಬರಬೇಕು.

ಕಾಲೆಳೆಯೋದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಇಲ್ಲಿಗೆ ಬಂದಿದ್ದು 2008ರ ಫೆಬ್ರವರಿಯಲ್ಲಿ. ಆಸ್ಟ್ರೇಲಿಯಾದ ಸೈಮಂಡ್ಸ್‌ನನ್ನು ಮಂಗ ಅಂದ ಅಂತ ಹರ್ಭಜನ್ ಮೇಲೆ ಆರೋಪ ಬಂದ ಸಿಡ್ನಿ ಟೆಸ್ಟ್ ಮುಗಿದು ಒಂದು ತಿಂಗಳಾಗಿತ್ತು. ಒಂದೇ ತಂಡ ಆಟದ ಧರ್ಮಕ್ಕೆ ತಕ್ಕಂತೆ ಆಡಿತು ಅಂತ ನಮ್ಮ ಕುಂಬ್ಳೆ ಹೇಳಿದ್ದು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಆಸ್ಟ್ರೇಲಿಯಾದವರೆಲ್ಲ ಮೋಸಗಾರರು, ಬಾಯಿಬಡುಕರು, ಬಿಯರ್ ಬಿಟ್ಟರೆ ಬೇರೆ ಗೊತ್ತಿಲ್ಲ ಅಂತ ತೀರ್ಮಾನ ಮಾಡಿಕೊಂಡೇ ವಿಮಾನ ಹತ್ತಿದ್ದೆ.

ಅವರೂ ನನ್ನ ಬಗ್ಗೆ ಒಂದು ತೀರ್ಮಾನ ಮಾಡಿಟ್ಟಿದ್ದರು ಅನ್ನೋದು ಆಫೀಸಿನ ಕ್ರಿಕೆಟ್ ದಿನ ತಿಳೀತು. ಇಂಡಿಯನ್ ಅಂದಮೇಲೆ ಸ್ಪಿನ್ ಬಂದೇ ಬರುತ್ತೆ ಅಂತ ಚೆಂಡನ್ನು ನನ್ನ ಕೈಗಿಟ್ಟರು. ಭದ್ರಾವತಿಯಲ್ಲಿ ನಾನು ಆಡಿದ ಕ್ರಿಕೆಟ್ ಅಂದರೆ ಚರಂಡಿಗೆ ಬಿದ್ದ ಬಾಲ್ ಎತ್ತಿಕೊಡೋದು. ಎರಡು ಓವರ್, 31 ರನ್. ಮಾರನೇ ದಿನದಿಂದ ನನ್ನ ಹೆಸರು ‘ವಾರ್ನಿ’, ಅವರ ಸ್ಪಿನ್ ದಿಗ್ಗಜ ಶೇನ್ ವಾರ್ನ್‌ನ ಅಡ್ಡಹೆಸರು. ಒಂದು ವಾರ ಮುಖ ಊದಿಸಿಕೊಂಡಿದ್ದೆ. ಆಮೇಲೆ ಗಮನಿಸಿದೆ, ಇಲ್ಲಿ ಕೆಂಪು ಕೂದಲಿನವನನ್ನು ‘ಬ್ಲೂಯಿ’, ಅಂದರೆ ನೀಲಿಯವನು ಅಂತಾರೆ. ಇಷ್ಟವಿಲ್ಲದವರಿಗೆ ಯಾರೂ ಹೆಸರಿಡೋಲ್ಲ, ಸುಮ್ನೆ ನಯವಾಗಿ ಮಾತಾಡಿಸಿ ಹೋಗ್ತಾರೆ.

ಹಾಗಾಗಿ ನಿಮ್ಮವನು ಏನನ್ನು ಆಡಿಕೊಳ್ಳುತ್ತಾನೆ ನೋಡಿ. ಕೊಹ್ಲಿಯನ್ನೋ ನಿಮ್ಮ ತಂಡವನ್ನೋ ಆಡಿಕೊಂಡರೆ ತಿರುಗಿಸಿ ಕೊಡಿ, ಅವನು ಕಾಯ್ತಿರೋದೇ ಅದಕ್ಕೆ. 2018ರಲ್ಲಿ ಅವರವರು ಚೆಂಡಿಗೆ ಉಜ್ಜಿ ಸಿಕ್ಕಿಬಿದ್ದ ಸ್ಯಾಂಡ್‌ಪೇಪರ್ ಇನ್ನೂ ಸವೆದಿಲ್ಲ. 1988ರಿಂದ ಅವರು ಟೆಸ್ಟ್ ಸೋತಿರದ ಬ್ರಿಸ್ಬೇನಿನ ಗಾಬಾ ಮೈದಾನದಲ್ಲಿ 2021ರಲ್ಲಿ ನಾವು 328 ರನ್ ಬೆನ್ನಟ್ಟಿ ಗೆದ್ದಿದ್ದೂ ಇದೆ. ಆದರೆ ಬಣ್ಣ, ಮಾತಿನ ಧಾಟಿ, ಡಬ್ಬಿಯ ಒಗ್ಗರಣೆ ವಾಸನೆ ಇವಕ್ಕೆ ಬಂದರೆ ನಗಬೇಡಿ. ಇದು ನನಗೆ ಇಷ್ಟವಾಗಲಿಲ್ಲ ಅಂತ ಒಂದು ಸಲ ನೇರವಾಗಿ ಹೇಳಿ. ನಿಲ್ಲದಿದ್ದರೆ ಮ್ಯಾನೇಜರಿಗೆ ಹೇಳಿ. ಅಂಥವರು ಇಲ್ಲ ಅಂತ ನಾನು ಹೇಳೋಲ್ಲ. 2021ರಲ್ಲಿ ಸಿಡ್ನಿಯಲ್ಲಿ ಪ್ರೇಕ್ಷಕರು ಬೈದರು ಅಂತ ನಮ್ಮ ಸಿರಾಜ್ ದೂರು ಕೊಟ್ಟಾಗ ಆಟ ನಿಲ್ಲಿಸಿ ಕೆಲವರನ್ನು ಸ್ಟ್ಯಾಂಡಿನಿಂದ ಎಬ್ಬಿಸಿ ಕಳಿಸಿದರು. ಆದರೆ 2007ರಲ್ಲಿ ವಡೋದರಾ, ಮುಂಬೈನಲ್ಲಿ ಸೈಮಂಡ್ಸ್‌ಗೆ ಮಂಗನ ಥರ ಕೂಗಿದವರು ನಮ್ಮವರೇ ಅಲ್ವಾ? ಅದನ್ನು ನಮ್ಮ ಪಾರ್ಟಿಗಳಲ್ಲಿ ಯಾರೂ ಎತ್ತೋದಿಲ್ಲ.

ಸೋತಾಗ ತಗೊಳ್ಳೋದನ್ನೂ ಕಲಿಯಬೇಕು. 2023ರ ವಿಶ್ವಕಪ್ ಫೈನಲ್ ಇಲ್ಲಿ ಮುಗಿದಾಗ ಬೆಳಗಿನ ಜಾವ ಮೂರು ಗಂಟೆ. ಅವರ ಟ್ರಾವಿಸ್ ಹೆಡ್ 137 ಹೊಡೆದಿದ್ದ. ಸೋಮವಾರ ನಿದ್ದೆಗೆಟ್ಟ ಮುಖ ಹೊತ್ತು ಆಫೀಸಿಗೆ ಹೋದರೆ, ವಾರವಿಡೀ ನನ್ನನ್ನು ಕಿಚಾಯಿಸಿದ್ದವನು ಏನೂ ಅನ್ನದೆ ಒಂದು ಕಾಫಿ ತಂದು ಮೇಜಿನ ಮೇಲಿಟ್ಟು ಹೋದ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ ಮಾರಾಯ್ರೆ!

ನಮ್ಮ ದ್ವೇಷವೂ ಅಷ್ಟಕ್ಕಷ್ಟೇ ಬಿಡಿ. ಟೆಸ್ಟಿನಲ್ಲಿ ಅವರ ವೇಗದ ಬೌಲರ್ ಹೇಜಲ್‌ವುಡ್‌ಗೆ ಶಾಪ ಹಾಕುವ ನಾವೇ 2025ರಲ್ಲಿ ಆರ್‌ಸಿಬಿ ಕಪ್ ಗೆದ್ದಾಗ ಅವನನ್ನು ಮನೆಮಗ ಅಂದೆವು.

ಎಂಸಿಜಿಯಲ್ಲಿ ಒಂದು ಸಲ ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜ ಕೂತಿದ್ದ. ಹಸಿರು ಟೋಪಿ, ಮೂಗಿನ ಮೇಲೆ ಬಿಳಿ ಸನ್‌ಸ್ಕ್ರೀನ್. ಬೆಳಗ್ಗೆಯಿಂದ ನಮ್ಮ ಬ್ಯಾಟ್ಸ್‌ಮನ್‌ಗಳಿಗೆ ಬೈಗುಳ. ಮಧ್ಯಾಹ್ನ ಇಂಡಿಯಾದಲ್ಲಿ ಯಾವ ಊರು ಅಂದ. ಅವನಿಗೆಲ್ಲಿ ಗೊತ್ತಿರುತ್ತೆ ಅಂದುಕೊಂಡು, ಜಿ. ಆರ್. ವಿಶ್ವನಾಥ್ ಹುಟ್ಟಿದ ಊರು ಅಂದೆ. ಅಜ್ಜ ಟೋಪಿ ತೆಗೆದ. 1981ರ ಟೆಸ್ಟಿಗೆ ಇದೇ ಮೈದಾನಕ್ಕೆ ಬಂದಿದ್ದನಂತೆ. ಗಾವಸ್ಕರ್ ಸಿಟ್ಟು ಮಾಡಿಕೊಂಡು ಹೊರನಡೆದಿದ್ದು, ಆಸ್ಟ್ರೇಲಿಯಾ 83ಕ್ಕೆ ಆಲೌಟ್ ಆಗಿದ್ದು ಎಲ್ಲರಿಗೂ ನೆನಪಿದೆ, ಇಂಡಿಯಾದ ಮೊದಲ ಇನಿಂಗ್ಸಿನ 237ರಲ್ಲಿ ವಿಶಿ ಒಬ್ಬನೇ 114 ಹೊಡೆದಿದ್ದು ಯಾರಿಗೂ ನೆನಪಿಲ್ಲ ಅಂತ ಅವನ ಕೊರಗು. ಕೂತಲ್ಲೇ ಕೈಯಲ್ಲಿ ಸ್ಕ್ವೇರ್ ಕಟ್ ಮಾಡಿ ತೋರಿಸಿದ. ನಾನು ಕೋಡುಬಳೆ ಡಬ್ಬಿ ಮುಂದೆ ಹಿಡಿದೆ. ತಿಂತಾ ತಿಂತಾ ಮತ್ತೆ ನಮ್ಮವರಿಗೆ ಬೈಯೋಕೆ ಶುರು ಮಾಡಿದ.

ಅಪ್ಪನ ಜೊತೆ ರಿಚ್ಮಂಡ್ ಸ್ಟೇಷನ್ನಲ್ಲಿ ಇಳಿದು ಜನರ ಹಿಂದೆ ನಡೆದರೆ ಸಾಕು. ಗಾಜಿನ ಬಾಟಲಿ ಒಳಗೆ ಬಿಡೋಲ್ಲ, ಮನೆ ತಿಂಡಿಗೆ ಅಡ್ಡಿಯಿಲ್ಲ. ಟೋಪಿ, ಸ್ವೆಟರ್ ಎರಡೂ ಇರಲಿ, ಇಲ್ಲಿ ಒಂದೇ ದಿನ ಎರಡೂ ಬೇಕಾಗುತ್ತವೆ. ಕೋಡುಬಳೆ ಮಾತ್ರ ಸ್ವಲ್ಪ ಜಾಸ್ತಿನೇ ಕಟ್ಟಿಕೊಳ್ಳಿ.