ಸ್ಕಲ್ಪಿನ್ ಮೀನು ಕಣ್ಣೆದುರೇ ಇದ್ದರೂ ಕಾಣುವುದಿಲ್ಲವಲ್ಲ, ಯಾಕೆ?

ಬಣ್ಣ ಒಂದು ಕಾರಣ, ಅಲುಗಾಡದೆ ಕೂರುವ ಸ್ವಭಾವ ಅದಕ್ಕಿಂತ ದೊಡ್ಡ ಕಾರಣ. ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯಲ್ಲಿ, ಸಮುದ್ರ ಇಳಿದಾಗ ನೀರು ನಿಲ್ಲುವ ಬಂಡೆಗುಂಡಿಗಳಲ್ಲಿರುವ ಟೈಡ್‌ಪೂಲ್ ಸ್ಕಲ್ಪಿನ್ ತೆಗೆದುಕೊಳ್ಳಿ. ಹೆಚ್ಚೆಂದರೆ 9 ಸೆಂ.ಮೀ. ಉದ್ದ, ದೇಹಕ್ಕೆ ಹೊಂದದಷ್ಟು ದೊಡ್ಡ ತಲೆ, ನೆತ್ತಿಯ ಹತ್ತಿರ ಕಣ್ಣು. ಬೂದು, ಕಂದು, ಹಸಿರು ಮಚ್ಚೆಗಳು ಕೂತ ಜಾಗಕ್ಕೆ ತಕ್ಕಂತೆ ಗಾಢವೋ ತಿಳಿಯೋ ಆಗುತ್ತವೆ.

ಇದಕ್ಕೆ ಈಜುಚೀಲವೇ, ಅಂದರೆ ಮೀನನ್ನು ತೇಲಿಸುವ ಒಳಗಿನ ಗಾಳಿಚೀಲವೇ, ಇಲ್ಲ. ಆದ್ದರಿಂದ ನಡುನೀರಿನಲ್ಲಿ ತೇಲಿ ನಿಲ್ಲಲಾರದು. ಬೀಸಣಿಗೆಯಂಥ ಎದೆರೆಕ್ಕೆಗಳನ್ನು ಊರಿ ತಳಕ್ಕೆ ಅಂಟಿಕೊಂಡಿರುತ್ತದೆ. ಸಣ್ಣ ಸಿಗಡಿಯೋ ಹುಳುವೋ ಹತ್ತಿರ ಸುಳಿದರೆ ಮಾತ್ರ ಒಂದೇ ನೆಗೆತ, ಅಗಲ ಬಾಯಿಗೆ ತುತ್ತು.

ನನಗೆ ಬಣ್ಣಕ್ಕಿಂತ ಸೋಜಿಗ ಅನ್ನಿಸುವುದು ಇದರ ಮನೆ ಹುಡುಕುವ ಜಾಣ್ಮೆ. ಹಿಡಿದು ಸುಮಾರು 100 ಮೀಟರ್ ದೂರ ಬಿಟ್ಟರೂ ಅನೇಕ ಮೀನುಗಳು ತಮ್ಮ ಗುಂಡಿಗೇ ಮರಳುತ್ತವೆ. ಇದಕ್ಕೆ ವಾಸನೆಯ ನೆರವಿದೆ. ಇಳಿತದ ವೇಳೆ ಗುಂಡಿಯ ಆಮ್ಲಜನಕ ತೀರಾ ಕಡಿಮೆಯಾದರೆ ನೀರಿನಿಂದ ಹೊರಬಂದು ಗಾಳಿಯಲ್ಲೂ ಸ್ವಲ್ಪ ಹೊತ್ತು ಉಸಿರಾಡಬಲ್ಲದು!

ಸಿಹಿನೀರಿನಲ್ಲೂ ಇದರ ಬಳಗವಿದೆ. ಯುರೋಪಿನ ಹೊಳೆಗಳ ಬುಲ್‌ಹೆಡ್ ಹಗಲೆಲ್ಲ ಕಲ್ಲಿನಡಿ ಅಡಗಿ ರಾತ್ರಿ ಬೇಟೆಗಿಳಿಯುತ್ತದೆ. ಅಲ್ಲಿ ಮೊಟ್ಟೆ ಕಾಯುವುದು ಗಂಡು, ಅದೂ ರೆಕ್ಕೆಯಿಂದ ನೀರು ಬೀಸುತ್ತಾ.