ಮುರಿಯದ ಹಲಗೆಯಿಂದ ಶುರು ಮಾಡಿ

ನಮಸ್ಕಾರ,

ಕರಾಟೆಯಲ್ಲಿ ಹಲಗೆ ಮುರಿಯುವ ಬಗ್ಗೆ ನೀವು ಕಳಿಸಿದ 'ಮನೋಬಲದ ಮುಷ್ಟಿ' ಲೇಖನ ಎರಡು ಸಲ ಓದಿದೆ. ಇದ್ದ ಹಾಗೇ ಹಾಕಲು ಆಗುವುದಿಲ್ಲ. ಕಾರಣ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಎರಡು ಪುಟ ಬರೀ ಜಪಾನಿನ ಗುರುಗಳು, ಏಕಾಗ್ರತೆ, ಒಳಗಿನ ಶಕ್ತಿ. ಹಲಗೆ ಬರುವುದು ಮೂರನೇ ಪುಟದಲ್ಲಿ. ಅಲ್ಲೂ 'ಪೈನ್ ಹಲಗೆ' ಅಂದು ಮುಂದೆ ಹೋಗಿಬಿಟ್ಟಿದ್ದೀರಿ. ಅದನ್ನು ಒಮ್ಮೆ ತಿರುಗಿಸಿ ನೋಡಬಾರದಿತ್ತೇ? ಸೌದೆ ಸೀಳಿದವರಿಗೆ ಗೊತ್ತು, ಮರ ಎಳೆಗುಂಟ ಸುಲಭವಾಗಿ ಸೀಳುತ್ತದೆ, ಅಡ್ಡಕ್ಕೆ ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ. ಎಳೆ ಓಡಿದ ದಿಕ್ಕಿನಲ್ಲೇ ಇರುವ ಎರಡು ಅಂಚುಗಳನ್ನು ಹಿಡಿಯುವುದು ಅದಕ್ಕೇ. ಏಟು ಬಿದ್ದಾಗ ಹಲಗೆ ಬಾಗುತ್ತದೆ. ಮುಂಭಾಗ ಒತ್ತಿಕೊಳ್ಳುತ್ತದೆ, ಹಿಂಭಾಗ ಹಿಗ್ಗುತ್ತದೆ. ಬಿರುಕು ಶುರುವಾಗುವುದು ಹಿಂದಿನಿಂದ, ಮುಷ್ಟಿ ತಾಗದ ಕಡೆಯಿಂದ! ಇಷ್ಟು ಚೆಂದದ ಸಂಗತಿ ನಿಮ್ಮಲ್ಲಿ ಇಲ್ಲವೇ ಇಲ್ಲ.

ಬಲ, ಶಕ್ತಿ, ವೇಗ ಮೂರನ್ನೂ ಒಂದೇ ಅರ್ಥದಲ್ಲಿ ಬಳಸಿದ್ದೀರಿ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟು. 1979ರಲ್ಲಿ ಫೆಲ್ಡ್, ಮೆಕ್‌ನೇರ್, ವಿಲ್ಕ್ ಎಂಬ ಅಮೆರಿಕದ ಮೂವರು ಇದನ್ನೆಲ್ಲ ಅಳೆದು ಬರೆದರು. ನುರಿತವರ ಕೈ ಸೆಕೆಂಡಿಗೆ 10ರಿಂದ 14 ಮೀಟರ್ ವೇಗ ಮುಟ್ಟುತ್ತದಂತೆ. ರೊನಾಲ್ಡ್ ಮೆಕ್‌ನೇರ್ ಸ್ವತಃ ಬ್ಲ್ಯಾಕ್ ಬೆಲ್ಟ್. ಮುಂದೆ ಗಗನಯಾತ್ರಿಯಾಗಿ 1986ರ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದಲ್ಲಿ ತೀರಿಕೊಂಡರು. ಗುರುಗಳ ಕಥೆಯೇ ಬೇಕಿದ್ದರೆ ಇವರದ್ದು ಇತ್ತು, ಅಲ್ವಾ?

ಇನ್ನು ಕೊನೆ ಪುಟದ ಆ ಸಾಲು: 'ಮೊದಲ ಸಲ ಹಲಗೆ ಮುರಿಯಲಿಲ್ಲ, ಕೈ ಊದಿಕೊಂಡಿತು, ಹಲಗೆ ಹಿಡಿದಿದ್ದ ತಮ್ಮ ನಕ್ಕ.' ಓದುತ್ತಾ ನಾನು ನಿಂತಿದ್ದು ಅಲ್ಲಿ ಮಾತ್ರ. ಮುರಿದಾಗ ಅಷ್ಟಾಗಿ ನೋಯದ ಕೈ ಮುರಿಯದಿದ್ದಾಗ ಯಾಕೆ ಊದುತ್ತದೆ? ಮುರಿದರೆ ಕೈ ಆಚೆಗೆ ಸಾಗಿಹೋಗುತ್ತದೆ. ಮುರಿಯದಿದ್ದರೆ ಅಲ್ಲೇ ಗಕ್ಕನೆ ನಿಲ್ಲಬೇಕು. ಕೊಟ್ಟ ಏಟು ಕೈಗೇ ವಾಪಸ್. ನೀವು ಹಲಗೆಗೇ ಗುರಿ ಇಟ್ಟಿದ್ದಿರೇನೋ. ಕೈ ಪೂರ್ತಿ ಚಾಚುವ ಮೊದಲೇ ವೇಗ ತುದಿಗೇರಿ ಆಮೇಲೆ ಇಳಿಯುತ್ತದೆ. ಗುರಿ ಆಚೆಗಿದ್ದರೆ ವೇಗ ತುದಿಯಲ್ಲಿರುವಾಗಲೇ ಕೈ ಹಲಗೆಗೆ ತಾಗುತ್ತದೆ. ಅದಕ್ಕೇ ಹಲಗೆಯ ಆಚೆಗೆ ಹೊಡಿ ಅನ್ನುವುದು. ನಿಮ್ಮ ಮನೋಬಲಕ್ಕೂ ಇಲ್ಲೇ ಜಾಗ ಇದೆ: ಹೆದರಿದ ಕೈ ತಾಗುವ ಮೊದಲೇ ನಿಧಾನವಾಗಿಬಿಡುತ್ತದೆ.

ಆ ಸಾಲಿನಿಂದ ಶುರು ಮಾಡಿ. ಗುರುಗಳನ್ನು ಬಿಡಿ, ತಮ್ಮ ಇರಲಿ. 800 ಪದ ಸಾಕು. ಮತ್ತೆ ಬರೆದು ಕಳಿಸಿ, ಓದುತ್ತೇನೆ. ಅಂದ ಹಾಗೆ, 'ನ್ಯೂಟನ್' ಕಾಗುಣಿತ ಮೂರು ಕಡೆ ಮೂರು ಥರ ಇದೆ, ನೋಡಿಕೊಳ್ಳಿ.